ಎಲ್ಲ ಎಮ್ಮೆಗೂ ಆರೂವರೆ

ದಸರೆಯ ಮರುದಿನದಿಂದ ಹದಿನಾರು ದಿನ ಕಾಸಾರವಾಡೆಯ ಎಮ್ಮೆಗಳೆಲ್ಲ ಒಂದೇ ಥರದ ಹಾಲು ಕೊಟ್ಟವು. ಮುದಿ ಎಮ್ಮೆ, ಪಡ್ಡೆ ಎಮ್ಮೆ, ಕಬ್ಬಿನ ಸೋಗೆ ತಿಂದದ್ದು, ಹತ್ತಿಕಾಳಿನ ಹಿಂಡಿ ತಿಂದದ್ದು, ಕೊನೆಗೆ ಬಾಳೂ ಮ್ಹೇತ್ರೆಯ ಮನೆಯ ನೀರು ಬೆರೆತದ್ದು, ಯಾವ ಹಾಲನ್ನು ಯಂತ್ರಕ್ಕೆ ಹಿಡಿದರೂ ಜಿಡ್ಡು ಶೇಕಡಾ ಆರೂವರೆ. ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ. ಊರಿನಲ್ಲಿ ಯಾರೂ ತಕರಾರು ಮಾಡಲಿಲ್ಲ. ಜಿಡ್ಡು ನೋಡಿ ದರ ಕೊಡುವ ಹಾಲಿನ ಸಂಘದ ಸಾಲಿನಲ್ಲಿ ಜಗಳವೇ ನಿಂತುಹೋದದ್ದು ಕಂಡು ಸೆಕ್ರೆಟರಿ ದೇವರಿಗೆ ತೆಂಗಿನಕಾಯಿ ಒಡೆಸಿದನಂತೆ.

ಆ ಆರೂವರೆಯನ್ನು ಹೆತ್ತವರು ನಾವು. ಕೊಲ್ಹಾಪುರದ ರಾಜಾರಾಮಪುರಿಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಹಾಲಿನ ಸಂಘಗಳಿಗೆ ಸಾಫ್ಟ್‌ವೇರ್ ಬರೆಯುವ ಮೂವರು. ನಾನು ಉಜ್ವಲಾ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸ್ವಭಾವವೂ ಅದೇ ಎಂದು ನನ್ನ ಗಂಡ ಹೇಳುತ್ತಾರೆ. ವೈದೇಹಿ ಸುತಾರ ಬಂದು ಎರಡು ವರ್ಷವಾಯಿತು, ಮಾತು ಕಡಿಮೆ, ತಲೆ ಜಾಸ್ತಿ. ಮೂರನೆಯವನು ಮಕರಂದ ಸಾಳೋಖೆ, ನಮ್ಮ ಮುಖ್ಯಸ್ಥ. ಅವನ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಜಗತ್ತು ಪುಕ್ಕಟೆಯಾಗಿ ಕೊಟ್ಟ ಸಾಮಾನು ಮಕರಂದನಿಗೆ ರುಚಿಸುವುದಿಲ್ಲ. ಎಲ್ಲವನ್ನೂ ತಾನೇ ಮಾಡಬೇಕು. ಪ್ರೋಗ್ರಾಂ ಎಂದರೆ ಒಂದು ಕಡತವಲ್ಲ. ಒಂದು ಕಡತ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೆರಡನ್ನು ಕರೆಯುತ್ತದೆ. ಮೊದಲ ಕಡತದಿಂದ ಹೊರಟು, ಯಾರು ಯಾರನ್ನು ಕರೆದರು ಎಂದು ಜಾಡು ಹಿಡಿದು ಹೋಗಿ, ಬೇಕಾದಷ್ಟನ್ನೇ ಆರಿಸಿ ಗಂಟು ಕಟ್ಟುವ ಉಪಕರಣಗಳು ಬೇಕಾದಷ್ಟಿವೆ. ಮಕರಂದ ಅವನ್ನೆಲ್ಲ ಬಿಟ್ಟು ಸ್ವಂತದ್ದೊಂದನ್ನು ಬರೆದು ‘ವಾಟಾಡ್ಯಾ’ ಎಂದು ಹೆಸರಿಟ್ಟ. ಮರಾಠಿಯಲ್ಲಿ ದಾರಿ ತೋರಿಸುವವನು ಎಂದು ಅರ್ಥ. ಮಗಳ ನಾಮಕರಣಕ್ಕೆ ಪೇಢೆ ಹಂಚದವನು ವಾಟಾಡ್ಯಾನ ನಾಮಕರಣಕ್ಕೆ ಹಂಚಿದ.

ಪ್ರತಿ ಊರಿನ ಸಂಘಕ್ಕೂ ವಾಟಾಡ್ಯಾ ಎರಡು ಗಂಟು ಕಟ್ಟುತ್ತಿದ್ದ. ಒಂದು ಬ್ರೌಸರಿಗೆ, ಅಂದರೆ ಸೆಕ್ರೆಟರಿ ನೋಡುವ ಪರದೆಗೆ. ಇನ್ನೊಂದು ಮೇಜಿನ ಕೆಳಗಿನ ಪೆಟ್ಟಿಗೆಗೆ. ಆ ಪೆಟ್ಟಿಗೆಯೇ ತಂತಿಯ ಮೂಲಕ ಫ್ಯಾಟ್ ಅಳೆಯುವ ಯಂತ್ರದ ಜೊತೆ ಮಾತಾಡುವುದು. ಬ್ರೌಸರಿಗೆ ತಂತಿ ಮುಟ್ಟುವ ಅಧಿಕಾರವಿಲ್ಲ. ಆದ್ದರಿಂದ ಬ್ರೌಸರಿನ ಗಂಟಿಗೆಂದೇ ಒಂದು ತೋರಿಕೆಯ ಕಡತ ಬರೆದಿಟ್ಟಿದ್ದೆವು. ಅದಕ್ಕೆ ಯಂತ್ರವೂ ಬೇಡ, ಹಾಲೂ ಬೇಡ. ಕೇಳಿದಾಗಲೆಲ್ಲ ಆರೂವರೆ ಎನ್ನುತ್ತದೆ. ಹೊಸ ಗಿರಾಕಿಗಳಿಗೆ ಪರದೆ ತೋರಿಸಲು ಅಷ್ಟು ಸಾಕು. ಸಂಘದಲ್ಲಿ ಮಾತ್ರ ಪೆಟ್ಟಿಗೆ ಕಳಿಸಿದ ಅಂಕಿಯೇ ಪರದೆಗೆ ಬರುತ್ತದೆ. ಬ್ರೌಸರಿಗೆ ಕಟ್ಟುವಾಗ ಮಾತ್ರ ಯಂತ್ರದ ಕಡತದ ಬದಲು ತೋರಿಕೆಯದನ್ನು ತೆಗೆದುಕೋ ಎಂದು ವಾಟಾಡ್ಯಾನಿಗೆ ಕೊಟ್ಟ ಸೂಚನೆಯ ಚೀಟಿಯಲ್ಲಿ ಬರೆದಿತ್ತು. ಏಕಾದಶಿಯ ದಿನ ಉಪವಾಸದವರಿಗೆ ಅನ್ನದ ಬದಲು ಸಾಬೂದಾಣಿ ಬಡಿಸುವುದಿಲ್ಲವೇ, ಹಾಗೆ. ವಾಟಾಡ್ಯಾ ಗರಡಿಯ ಪೈಲ್ವಾನರಿಗೂ ಸಾಬೂದಾಣಿಯನ್ನೇ ಬಡಿಸಿದ್ದ. ಆದರೆ ಅದು ನಮಗೆ ಗೊತ್ತಾದದ್ದು ಅಕ್ಕಾತಾಯಿ ಬಂದ ಮೇಲೆ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಕ್ಕಾತಾಯಿ ಖೋತ ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ಮಹಡಿ ಹತ್ತಿ ಬಂದಳು. ಆಕೆ ಮಕರಂದನ ಅತ್ತೆ. ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ, ಬೈಯುವಾಗಲೂ. ಕ್ಯಾನನ್ನು ಅವನ ಕೀಲಿಮಣೆಯ ಪಕ್ಕಕ್ಕೆ ಇಟ್ಟಳು.

“ಅಳಿಯಾಂದ್ರ, ನನ್ನ ಚಂದ್ರಿದೂ ಆರೂವರಿ, ಬಾಳ್ಯಾನ ನೀರಿಂದೂ ಆರೂವರಿ. ಕಣ್ಣು ಯಂತ್ರಕ್ಕ ಹೋಗ್ಯಾವೋ, ನಿಮಗ ಹೋಗ್ಯಾವೋ?”

“ಯಂತ್ರದ ತಪ್ಪ ಇರಬೇಕ್ರಿ, ಅತ್ತಿ.”

“ಯಂತ್ರದವ್ರು ನಿಮ್ಮ ತಪ್ಪ ಅಂತಾರ. ನೀವು ಯಂತ್ರದ ತಪ್ಪ ಅಂತೀರಿ. ನಡುವ ತಪ್ಪ ಮಾಡಿದ್ದು ನನ್ನ ಎಮ್ಮಿ ಏನು?”

ಚಂದ್ರಿ ಆಕೆಯ ಎಮ್ಮೆ. ಕಾಸಾರವಾಡೆಯಲ್ಲಿ ದೀಪಾವಳಿ ಪಾಡ್ಯದ ದಿನ ಎಮ್ಮೆಗಳ ಮೆರವಣಿಗೆ. ಕೋಡಿಗೆ ಬಣ್ಣ, ನವಿಲುಗರಿ, ಕೊರಳಿಗೆ ಕವಡೆಯ ಸರ, ಮುಂದೆ ಹಲಗೆ ಬಾರಿಸುವವರು. ದಸರೆಯ ಮರುದಿನದಿಂದ ಹಬ್ಬದ ಹಿಂದಿನ ದಿನದವರೆಗೆ ಯಾರ ಎಮ್ಮೆಯ ಹಾಲಿನಲ್ಲಿ ಜಿಡ್ಡಿನ ಸರಾಸರಿ ಹೆಚ್ಚೋ ಅದು ಎಲ್ಲಕ್ಕಿಂತ ಮುಂದೆ ನಡೆಯಬೇಕು. ನಾಲ್ಕು ವರ್ಷದಿಂದ ಚಂದ್ರಿಯೇ ಮುಂದೆ. ನಾಲ್ಕು ವರ್ಷದಿಂದ ಊರಿನ ಹೆಂಗಸರು ಅಕ್ಕಾತಾಯಿಯ ಸೆರಗಿಗೆ ಮೊದಲು ಭಂಡಾರದ ಅರಿಸಿನ ಹಚ್ಚಿ ಆಮೇಲೆ ತಮ್ಮ ಎಮ್ಮೆಗೆ ಹಚ್ಚುತ್ತಾರೆ. ಗಂಡ ಸತ್ತ ಮೇಲೆ ಆಕೆಯನ್ನು ಊರು ಮುಂದೆ ಕರೆದದ್ದು ಅದೊಂದೇ ದಿನಕ್ಕೆ.

ಇದು ಮಕರಂದನಿಗೂ ಗೊತ್ತಿತ್ತು. ಅದಕ್ಕೇ ಅವನ ಮುಖ ಇಳಿಯಿತು. ಪಾಡ್ಯಕ್ಕೆ ಎಂಟು ದಿನ ಉಳಿದಿತ್ತು. ಹಬ್ಬದೊಳಗೆ ಸರಿ ಮಾಡಿಯೇ ಕೊಡುತ್ತೇನೆ ಎಂದು ಅತ್ತೆಯ ಮುಂದೆ ಎದೆ ತಟ್ಟಿ ಹೇಳಿದ. ಅಕ್ಕಾತಾಯಿ ಕ್ಯಾನನ್ನು ಅಲ್ಲೇ ಬಿಟ್ಟು, ಹಾಲು ಕಾಸಿಕೊಂಡು ಕುಡಿಯಿರಿ ಎಂದು ನಮಗೆ ಹೇಳಿ, ಬಸ್ಸು ಹಿಡಿಯಲು ಇಳಿದುಹೋದಳು. ಇಡೀ ಕಾಸಾರವಾಡೆಯಲ್ಲಿ ದೂರು ಕೊಟ್ಟವಳು ಆಕೆ ಒಬ್ಬಳೇ.

ಆಕೆಯ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಅಡಗುತ್ತಿದ್ದಂತೆ ಮಕರಂದ ತಪ್ಪನ್ನು ಹಂಚಲು ಕೂತ. ಮೊದಲು ಯಂತ್ರ. ಆಮೇಲೆ ತಂತಿ. ಆಮೇಲೆ ಹಾಲು ಸೋಸುವ ಬಟ್ಟೆ. ಆಮೇಲೆ ಸೆಕ್ರೆಟರಿಯ ಬುದ್ಧಿ. ಕೊನೆಗೆ ನನ್ನ ಕಡೆ ತಿರುಗಿ, ನೀವು ಪರೀಕ್ಷೆ ಮಾಡಿಯೇ ಕಳಿಸಿದ್ದಲ್ಲವೇ ಎಂದ. ಮಾಡಿಯೇ ಕಳಿಸಿದ್ದೆ. ನೂರಾ ನಲವತ್ತೆರಡು ಪರೀಕ್ಷೆ, ಎಲ್ಲದರ ಮುಂದೂ ಹಸಿರು ಗುರುತು. ಅವನ ಮುಂದೆಯೇ ಮತ್ತೊಮ್ಮೆ ನಡೆಸಿ ತೋರಿಸಿದೆ. ಮತ್ತೆ ಎಲ್ಲ ಹಸಿರು.

ಆಗ ವೈದೇಹಿ ಮೆತ್ತಗೆ ಕೇಳಿದಳು.

“ಉಜ್ವಲಾತಾಯಿ, ಫ್ಯಾಟಿನ ಪರೀಕ್ಷೆ ಒಳಗ ಎಷ್ಟ ಬರಬೇಕಂತ ಬರೆದೀರಿ?”

ನಾನು ತೆರೆದು ನೋಡಿದೆ. ಆರೂವರೆ ಬರಬೇಕು ಎಂದು ಬರೆದಿತ್ತು. ನಮ್ಮ ಕಚೇರಿಯಲ್ಲಿ ಎಮ್ಮೆಯೂ ಇಲ್ಲ, ಯಂತ್ರವೂ ಇಲ್ಲ. ಪರೀಕ್ಷೆಗೆ ನಾನೂ ಆ ತೋರಿಕೆಯ ಕಡತವನ್ನೇ ಇಟ್ಟುಕೊಂಡಿದ್ದೆ. ಅದು ಆರೂವರೆ ಎನ್ನುತ್ತಿತ್ತು, ನಾನು ಶಹಬ್ಬಾಸ್ ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಬೇರೆಯವರ ತಪ್ಪಿಗೆ ನಕ್ಕವಳು ನಾನು. ಆವತ್ತು ನೀರು ಕುಡಿಯುವ ನೆಪ ಮಾಡಿ ಎದ್ದುಹೋಗಿ ಮಡಕೆಯ ಹತ್ತಿರ ಐದು ನಿಮಿಷ ನಿಂತೆ.

ಕಾಸಾರವಾಡೆಯ ಪೆಟ್ಟಿಗೆಯೊಳಗೆ ಯಾವ ಕಡತ ಕೂತಿದೆ ಎಂದು ಇಲ್ಲಿಂದಲೇ ಇಣುಕಿ ನೋಡೋಣ ಎಂದಳು ವೈದೇಹಿ. ಅದರ ಅಗತ್ಯವೇ ಇಲ್ಲ, ವಾಟಾಡ್ಯಾ ತಪ್ಪುವವನಲ್ಲ ಎಂದು ಮಕರಂದ ಅರ್ಧ ತಾಸು ಭಾಷಣ ಮಾಡಿದ. ಅಷ್ಟರಲ್ಲಿ ವೈದೇಹಿ ನೋಡಿ ಮುಗಿಸಿದ್ದಳು. ಪೆಟ್ಟಿಗೆಯಲ್ಲಿ ಕೂತಿದ್ದುದು ತೋರಿಕೆಯ ಕಡತ. ಹದಿಮೂರು ದಿನ ಯಂತ್ರ ಪಾಪ ಹಾಲು ಅಳೆದು ಅಳೆದು ಹೇಳುತ್ತಿತ್ತು, ಕೇಳುವವರೇ ಇರಲಿಲ್ಲ.

ಬ್ರೌಸರಿನ ಚೀಟಿ ಪೆಟ್ಟಿಗೆಯ ಗಂಟಿಗೆ ಹೇಗೆ ತಗುಲಿತು ಎಂಬುದನ್ನು ಹುಡುಕಲು ಇಡೀ ದಿನ ಹಿಡಿಯಿತು. ವಾಟಾಡ್ಯಾನಿಗೆ ಜ್ಞಾಪಕಶಕ್ತಿ ಕೊಟ್ಟಿದ್ದ ಮಕರಂದ. ಒಮ್ಮೆ ಒಂದು ಹೆಸರಿನ ಕಡತ ಎಲ್ಲಿದೆ ಎಂದು ಪತ್ತೆಯಾದರೆ ವಾಟಾಡ್ಯಾ ಅದನ್ನು ನೆನಪಿಟ್ಟುಕೊಳ್ಳುತ್ತಾನೆ, ಮುಂದಿನ ಸಲ ಹುಡುಕುವ ಗೋಜಿಗೆ ಹೋಗುವುದಿಲ್ಲ. ಆದರೆ ಯಾರಿಗಾಗಿ ಹುಡುಕಿದ್ದು ಎಂಬುದು ಅವನ ನೆನಪಿನಲ್ಲಿ ಇರುತ್ತಿರಲಿಲ್ಲ. ಮೊದಲು ಪೆಟ್ಟಿಗೆಯ ಗಂಟು, ಆಮೇಲೆ ಬ್ರೌಸರಿನದು ಎಂಬ ಕ್ರಮ ಇದ್ದಷ್ಟು ದಿನ ಅದೃಷ್ಟ ಕಾಪಾಡಿತ್ತು. ಬ್ರೌಸರಿನ ಸರದಿ ಬಂದಾಗ ಚೀಟಿ ನೋಡಿಯೇ ಮುಂದೆ ಹೋಗುತ್ತಿದ್ದ. ಯಾರೋ ಆ ಕ್ರಮವನ್ನು ತಿರುಗಿಸಿಬಿಟ್ಟಿದ್ದರು. ಈಗ ಮೊದಲು ಬ್ರೌಸರು. ಚೀಟಿ ನೋಡಿ ತೋರಿಕೆಯದನ್ನು ಎತ್ತಿಕೊಂಡ, ಪೆಟ್ಟಿಗೆಗೆ ಚೀಟಿಯೇ ಇಲ್ಲವಾದ್ದರಿಂದ ಅದೇ ನೆನಪಿನಿಂದ ಪೆಟ್ಟಿಗೆಯ ಗಂಟಿಗೂ ತುರುಕಿದ.

ಯಾರು ತಿರುಗಿಸಿದರು ಎಂಬುದು ಮಾತ್ರ ಉಳಿಯಿತು. ನಮ್ಮ ಕಸುಬಿನಲ್ಲಿ ಅದಕ್ಕೆ ಪಂಚಾಯಿತಿ ಬೇಕಿಲ್ಲ. ಯಾವ ಸಾಲಿನ ಮೇಲೆ ಬೆರಳಿಟ್ಟರೂ ಅದನ್ನು ಕೊನೆಯ ಸಲ ಮುಟ್ಟಿದವರು ಯಾರು, ಯಾವತ್ತು ಎಂದು ಕಂಪ್ಯೂಟರೇ ಹೇಳುತ್ತದೆ. ಯಾರ ಹೆಸರು ಬರುತ್ತದೋ ಅವರು ಎಲ್ಲರಿಗೂ ಮೊಳಕೆಕಾಳಿನ ಮಿಸಳ ತಿನ್ನಿಸಬೇಕು ಎಂಬ ಕಟ್ಟಳೆಯನ್ನು ಮಕರಂದನೇ ಮಾಡಿದ್ದ. ಅವನು ವೈದೇಹಿಯ ಕಡೆ ನೋಡಿ, ಈ ಸಲ ಮಿಸಳದ ಮೇಲೆ ಸುರಿಯುವ ಕಟ ಸ್ವಲ್ಪ ಖಾರದ್ದೇ ತರಿಸೋಣ ಎಂದು ಹೇಳಿ ಬೆರಳಿಟ್ಟ. ಪರದೆಯ ಮೇಲೆ ಮಕರಂದ ಸಾಳೋಖೆ ಎಂದು ಬಂತು. ತಾರೀಖು ದಸರೆಯ ಹಿಂದಿನ ದಿನದ್ದು, ಖಂಡೇನವಮಿಯದು.

ಆವತ್ತು ನಾವು ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಇವತ್ತು ಆಯುಧ ಮುಟ್ಟಬಾರದು ಎಂದು ಕೈಮುಗಿದು ಮನೆಗೆ ಹೋಗಿದ್ದೆವು. ಇವನಿಗೆ ಮನೆಯಲ್ಲಿ ಕೈ ಕಡಿತ. ಹೊಸದೇನಾದರೂ ಬರೆದರೆ ದೋಷ, ಸುಮ್ಮನೆ ಒಪ್ಪ ಮಾಡಿದರೆ ಏನು ದೋಷ ಎಂದು ತನ್ನಷ್ಟಕ್ಕೇ ಶಾಸ್ತ್ರ ಹೇಳಿಕೊಂಡು, ಪಟ್ಟಿಗಳನ್ನೆಲ್ಲ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದ. ಆ ಕ್ರಮದಲ್ಲಿ ಬ್ರೌಸರ್ ಮೊದಲು, ಸರ್ವರ್ ಎಂದು ಹೆಸರಿಟ್ಟಿದ್ದ ಪೆಟ್ಟಿಗೆ ಆಮೇಲೆ. ಬದಲಾವಣೆಯ ಕೆಳಗೆ ಅವನದೇ ಷರಾ: ‘ಅಚ್ಚುಕಟ್ಟು ಮಾಡಿದ್ದೇನೆ, ಬೇರೇನೂ ಇಲ್ಲ.’ ಆಮೇಲೆ ಹೊಸ ಗಂಟು ಹೋದದ್ದು ಕಾಸಾರವಾಡೆ ಒಂದಕ್ಕೇ, ದಸರೆಯ ರಾತ್ರಿ.

“ಮಿಸಳ ಎಲ್ಲಿಂದ ತರಸೂಣ್ರಿ, ಸರ್?” ವೈದೇಹಿ ಎರಡು ವರ್ಷದಲ್ಲಿ ಮಾಡಿದ ಮೊದಲ ಹಾಸ್ಯ ಅದು.

ಮಿಸಳ ಬಂತು, ಖಾರದ್ದೇ. ಮಕರಂದ ಬೆವರುತ್ತ ತಿಂದ. ತಿಂದ ಮೇಲೆ ಅತ್ತೆಗೆ ಫೋನ್ ಮಾಡಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅಷ್ಟು ದೊಡ್ಡ ಮನಸ್ಸು ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಫೋನು ಜೋರಾಗಿತ್ತು, ಆಕೆಯ ಮಾತು ನಮಗೂ ಕೇಳಿಸಿತು. ಹಬ್ಬದ ಮುಂದೆ ಇಷ್ಟೊಂದು ತ್ರಾಸ ಯಾಕೆ, ಮನೆಯಲ್ಲಿ ಚಕ್ಕುಲಿ ಕರಂಜಿ ಮಾಡುವ ಹೊತ್ತು, ಮಕ್ಕಳನ್ನು ನೋಡಿಕೊಳ್ಳಿ, ಪಾಡ್ಯ ಕಳೆದ ಮೇಲೆ ನಿಧಾನವಾಗಿ ಮಾಡಿದರಾಯಿತು ಎಂದಳು. ಮಕರಂದನ ಕಣ್ಣು ತುಂಬಿಬಂತು. ತನ್ನ ಮರ್ಯಾದೆ ಹೋಗುತ್ತಿದ್ದರೂ ಅಳಿಯನ ಶ್ರಮದ ಚಿಂತೆ ಮಾಡುವ ಅತ್ತೆ ಯಾರಿಗಿದ್ದಾಳೆ ಎಂದು ನಮ್ಮನ್ನು ಕೇಳಿದ. ನನ್ನ ಅತ್ತೆಯನ್ನು ನೆನೆದು ನಾನೂ ಹೌದೆಂದೆ.

ಅಂಥ ಅತ್ತೆಗಾಗಿ ಅವನು ಪ್ರಾಣ ಕೊಟ್ಟು ದುಡಿದ. ವಾಟಾಡ್ಯಾನಿಗೆ ಎರಡು ಬೇರೆ ಬೇರೆ ನೆನಪು ಬಂದವು, ಬ್ರೌಸರಿನದೊಂದು, ಪೆಟ್ಟಿಗೆಯದೊಂದು. ಒಂದರದ್ದು ಇನ್ನೊಂದಕ್ಕೆ ಸೋಕದಂತೆ ಗೋಡೆ. ನಾನು ಎಲ್ಲ ಪರೀಕ್ಷೆಗಳನ್ನೂ ಹರಿದು ಹಾಕಿ ಹೊಸದಾಗಿ ಬರೆದೆ. ವೈದೇಹಿ ಯಂತ್ರದವರ ಕೈಕಾಲು ಹಿಡಿದು ಒಂದು ಯಂತ್ರ ಕಡ ತಂದಳು. ನಮ್ಮ ಮಹಡಿಗೆ ದಿನಾ ಬೆಳಿಗ್ಗೆ ಎಮ್ಮೆ ನಿಲ್ಲಿಸಿ ಹಾಲು ಮಾರುವ ಗಂಗಾವೇಶಿಯ ಕಟ್ಟೆಯಿಂದ ಆಗಷ್ಟೇ ಕರೆದ ಹಾಲು ಬಂತು, ಕೆಳಗಿನ ಬಿಡಿಭಾಗದ ಅಂಗಡಿಯವರು ಮೇಲೆ ದನ ಕಟ್ಟಿದ್ದೀರೇನು ಎಂದು ವಿಚಾರಿಸಿಕೊಂಡು ಹೋದರು. ಮೂರನೆಯ ದಿನ ರಾತ್ರಿ, ಪಾಡ್ಯಕ್ಕೆ ಇನ್ನೂ ಐದು ದಿನ ಇರುವಾಗಲೇ, ಕಾಸಾರವಾಡೆಯ ಪೆಟ್ಟಿಗೆಗೆ ಸರಿಯಾದ ಗಂಟು ಹೋಯಿತು. ಸುಳ್ಳು ದಿನಗಳನ್ನೆಲ್ಲ ಕೈಬಿಟ್ಟು, ಉಳಿದ ದಿನಗಳ ಫ್ಯಾಟಿನ ಮೇಲೆಯೇ ಮೆರವಣಿಗೆಯ ಕ್ರಮ ಇಡುವುದಾಗಿ ಸಂಘದ ಚೇರ್ಮನ್ನರು ಒಪ್ಪಿದರು.

ಮರುದಿನ ಬೆಳಿಗ್ಗೆ ಮೂವರೂ ಕಾಸಾರವಾಡೆಗೆ ಹೋದೆವು. ಅತ್ತೆಯ ಗೆಲುವನ್ನು ಕಣ್ಣಾರೆ ನೋಡಬೇಕೆಂದು ಮಕರಂದ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸಾಲು ದೊಡ್ಡದಿತ್ತು. ಮೊದಲು ಬಾಳೂ ಮ್ಹೇತ್ರೆಯ ಹಾಲು ಹಿಡಿದರು. ನಾಲ್ಕು ಪಾಯಿಂಟ್ ಎರಡು. ಬಾಳೂ ಪರದೆಯನ್ನು ಮುಟ್ಟಿ ನೋಡಿದ, ಪೆಟ್ಟಿಗೆಗೆ ಒಂದೇಟು ಹಾಕಿದ, ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರವನ್ನು ಯಾರು ಕೆಡಿಸಿದರು ಎಂದು ಕೇಳಿದ. ಸೆಕ್ರೆಟರಿ ನಮ್ಮನ್ನು ತೋರಿಸಿದ. ಆಮೇಲಿನವರದು ಆರು, ಐದೂವರೆ, ಆರು ಪಾಯಿಂಟ್ ಎಂಟು. ಹದಿನಾರು ದಿನದ ಶಾಂತಿ ಹದಿನಾರು ನಿಮಿಷದಲ್ಲಿ ಮುಗಿಯಿತು. ಇಂದುಬಾಯಿ ಗುರವ ಎಂಬ ಹೆಂಗಸು, ಶ್ರಾವಣದಲ್ಲಿ ಎಮ್ಮೆ ತಂದವಳು, ಮುದುರಿಕೊಂಡೇ ಕ್ಯಾನ್ ಮುಂದಿಟ್ಟಳು. ಎಂಟು ಪಾಯಿಂಟ್ ಒಂದು. ತಪ್ಪಿರಬೇಕು, ಇನ್ನೊಮ್ಮೆ ನೋಡಿ ಎಂದು ಆಕೆಯೇ ಬೇಡಿಕೊಂಡಳು.

ಅಕ್ಕಾತಾಯಿ ಸಾಲಿನ ಕೊನೆಗೆ ನಿಂತಿದ್ದಳು. ಆಕೆಯ ಸರದಿ ಬಂದಾಗ ಮಕರಂದ ತಾನೇ ಕ್ಯಾನ್ ತೆಗೆದುಕೊಂಡು ಹಾಲು ಹಿಡಿದ. ಐದು ಪಾಯಿಂಟ್ ಒಂಬತ್ತು. ಅವನು ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಐದು ಪಾಯಿಂಟ್ ಒಂಬತ್ತು. ಯಂತ್ರ ತೊಳೆಸಿದ, ಒರೆಸಿದ, ಮೂರನೆಯ ಸಲ ಹಿಡಿದ. ಅಕ್ಕಾತಾಯಿ ಅವನ ಕೈಯಿಂದ ಕ್ಯಾನ್ ಕಿತ್ತುಕೊಂಡು, ಸಾಕು ಮನೆಗೆ ನಡೆಯಿರಿ, ರೊಟ್ಟಿ ಆರುತ್ತದೆ ಎಂದಳು.

ಮನೆಯಲ್ಲಿ ಕಡಲೆಹಿಟ್ಟಿನ ಝುಣಕಾ, ಭಾಕರಿ ಬಡಿಸಿದಳು. ಹಿತ್ತಿಲಿನಲ್ಲಿ ಚಂದ್ರಿ ಮೆಲುಕು ಹಾಕುತ್ತಿತ್ತು. ಮಕರಂದ ಒಂದು ತುತ್ತನ್ನು ಬಹಳ ಹೊತ್ತು ಅಗಿದು, ನಮ್ಮಿಬ್ಬರ ಎದುರೇ, ಹದಿನೈದು ವರ್ಷದ ಕಸುಬಿನ ಧರ್ಮವನ್ನೆಲ್ಲ ಗಾಳಿಗೆ ತೂರಿ ಹೇಳಿದ.

“ಅತ್ತಿ, ನಿಮ್ಮ ನಂಬರಿಗೆ ಅಷ್ಟ ಒಂದು ಚೀಟಿ ಬರೀತೇನ್ರಿ. ಬ್ಯಾರೆಯವರಿಗೆ ಯಂತ್ರದ್ದು, ನಿಮಗ ಮಾತ್ರ ಹಳೇ ಆರೂವರಿ. ಯಾರಿಗೂ ತಿಳಿಯೂದಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾತಾಯಿಯೇ ತಲೆ ಅಲ್ಲಾಡಿಸಿದಳು.

“ಇಂದುಬಾಯಿದು ಎಂಟರ ಮ್ಯಾಲ ಐತಲ್ರೀ. ನನ್ನ ಒಬ್ಬಾಕಿಗೆ ಆರೂವರಿ ತಗೊಂಡು ಏನ್ ಮಾಡ್ಲಿ? ಎಲ್ಲಾರಿಗೂ ಆರೂವರಿ ಇದ್ರ ಮಾತ್ರ ನಾ ಮುಂದ. ಸರಿಸಮ ಬಂದ್ರ ಹಿಂದಿನ ವರ್ಷದ ಎಮ್ಮೀನ ಮುಂದ ಅಂತ ಸಂಘದ ಕಾಯ್ದೆ ಐತಿ.”

ನಮ್ಮ ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು. ಚಂದ್ರಿಯ ಹಾಲು ತೆಳ್ಳಗಾಗಿದೆ ಎಂದು ಮೊದಲೇ ಗೊತ್ತಿತ್ತೇ ಎಂದು ವೈದೇಹಿ ಕೇಳಿದಳು. ಹಿಂಡುವ ಕೈಗೆ ಗೊತ್ತಾಗುವುದಿಲ್ಲವೇ, ಬೆಣ್ಣೆ ಕಡೆಯುವವಳಿಗೆ ಯಂತ್ರ ಬೇಕೇ ಎಂದಳು ಅಕ್ಕಾತಾಯಿ. ಆಷಾಢದಿಂದಲೇ ಬೆಣ್ಣೆ ಇಳಿದಿತ್ತಂತೆ. ಎಮ್ಮೆಗೂ ವಯಸ್ಸಾಯಿತು, ತನಗೂ ಆಯಿತು ಎಂದಳು. ಈ ವರ್ಷ ಮುಂದೆ ನಡೆಯುವ ಆಸೆ ಬಿಟ್ಟು ಕೂತಾಗ ದಸರೆಯ ಮರುದಿನ ಆರೂವರೆ ಬಂತು, ಎಲ್ಲರಿಗೂ ಬಂತು. ದೇವಿ ಅಂಬಾಬಾಯಿಯೇ ಕಣ್ಣು ತೆರೆದಳು ಎಂದುಕೊಂಡಳಂತೆ.

“ಮತ್ತ ಬಂದು ಬೈದದ್ದ ಯಾಕ್ರಿ, ಅತ್ತಿ?” ಮಕರಂದನ ದನಿ ಸಣ್ಣದಾಗಿತ್ತು.

“ಬೈಯದ ಹೆಂಗಿರ್ಲಿ? ನಾಕ ವರ್ಷ ಮುಂದ ನಡದಾಕಿ, ಬಾಳ್ಯಾನ ನೀರಿನ ಸಮ ಅಂದ್ರೂ ಸುಮ್ಮ ಕುಂತಾಳು ಅಂದ್ರ ಊರಾಗ ಸಂಶೇ ಬರೂದಿಲ್ಲೇನು? ಅದಕ್ಕ ನಾಕ ಮಂದಿಗೆ ಕಾಣೂ ಹಂಗ ಬಸ್ ಹತ್ತಿ ಬಂದು ಬೈದೆ. ಹನ್ನೊಂದ ವರ್ಷ ಆತು ನೀವು ಈ ಮನಿ ಅಳಿಯ ಆಗಿ. ಹೇಳಿದ ದಿನಕ್ಕ ಒಂದ ಕೆಲಸ ಮುಗಿಸಿದ್ದ ನಾ ಕಂಡಿಲ್ಲ. ಪಾಡ್ಯ ಆದ ಮ್ಯಾಲ ಮಾಡ್ರಿ ಅಂತ ಬಾಯಿ ಬಿಟ್ಟು ಹೇಳಿದೆ. ಇದೊಂದನ್ನ ಯಾಕ ಮುಗಿಸಿದ್ರಿ, ಅಳಿಯಾಂದ್ರ?”

ನನಗೆ ಬಂದ ನಗು ಅರ್ಧಕ್ಕೇ ನಿಂತಿತು. ಆಕೆ ಅಳಿಯನ ಉತ್ತರಕ್ಕೆ ಕಾಯಲಿಲ್ಲ. ಅವನ ತಟ್ಟೆಗೆ ಇನ್ನೊಂದು ಭಾಕರಿ ಹಾಕಿ, ಮೇಲೆ ಬೆಣ್ಣೆ ಇಟ್ಟು, ಇರುವುದು ಇಷ್ಟೇ ಎಂದಳು.

ಪಾಡ್ಯದ ಬೆಳಿಗ್ಗೆ ನಾನೂ ವೈದೇಹಿಯೂ ಮತ್ತೆ ಹೋದೆವು. ಯಾರೂ ಕರೆದಿರಲಿಲ್ಲ, ಆದರೂ ಹೋದೆವು. ಸಂಘದ ಪಟ್ಟಿಯಲ್ಲಿ ಚಂದ್ರಿ ಹದಿನೇಳನೆಯದು. ಅಕ್ಕಾತಾಯಿ ಹಿತ್ತಿಲಿನಲ್ಲಿ ಬಣ್ಣದ ಡಬ್ಬಿಗಳನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕೋಡು ಇನ್ನೂ ಬರಿದಾಗಿಯೇ ಇತ್ತು. ಮಕರಂದ ಎಮ್ಮೆಯ ಹಗ್ಗ ಹಿಡಿದು, ಅದರ ಮುಖವನ್ನೂ ನೋಡಲಾರದೆ, ಅತ್ತೆಯ ಮುಖವನ್ನೂ ನೋಡಲಾರದೆ ನಿಂತಿದ್ದ.

“ಹದಿನೇಳನೇದಕ್ಕ ಎಷ್ಟ ಬಣ್ಣ ಹಚ್ಚತಾರವಾ?” ಎಂದು ಆಕೆ ನನ್ನನ್ನು ಕೇಳಿದಳು. “ನನಗ ರೂಢಿ ಇಲ್ಲ.”

ನನಗೂ ಗೊತ್ತಿರಲಿಲ್ಲ. ವೈದೇಹಿ ಸೆರಗು ಸಿಕ್ಕಿಸಿ ಕೂತು, ಇದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದಳು.